ಅತ್ತೆಯ ಐದನೇ ತಾರೀಕು

ನಮ್ಮತ್ತೆ ಯಾರ ಮುಂದೆಯೂ ಕೈ ಚಾಚಿದವರಲ್ಲ. ಈ ಮಾತನ್ನು ನಾನು ನಲ್ಲಿಯ ಹತ್ತಿರ, ಕೆಲಸದ ಜಾಗದಲ್ಲಿ, ಬಸ್ಸಿನಲ್ಲಿ ಪಕ್ಕದ ಸೀಟಿನವರ ಹತ್ತಿರ ಎಷ್ಟು ಸಲ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಬೇರೆ ಸೊಸೆಯರು ಅತ್ತೆಯ ಔಷಧಿ, ಅತ್ತೆಯ ಕನ್ನಡಕ, ಅತ್ತೆಯ ಚಪ್ಪಲಿ ಎಂದು ಗೋಳಾಡುವಾಗ ನಾನು, "ನಮ್ಮನೇಲಿ ಆ ರಗಳೆನೇ ಇಲ್ಲಪ್ಪ, ನಾಲ್ಕು ವರ್ಷದಲ್ಲಿ ನನ್ನ ಹತ್ರ ಒಂದು ಕಾಸು ಕೇಳಿದ್ರೆ ಕೇಳಿ" ಎಂದು ಬೀಗುತ್ತಿದ್ದೆ. ಅದು ಅತ್ತೆಯ ದೊಡ್ಡ ಗುಣ ಎಂದು ಬೀದಿಯವರು ತಿಳಿದಿದ್ದರು. ನಾನು ಸಂಸಾರ ತೂಗಿಸುವ ಜಾಣತನ ಎಂದು ನಾನು ತಿಳಿದಿದ್ದೆ. ಕೈ ಚಾಚದೆ ಇರುವುದಕ್ಕೆ ಆ ಮುದುಕಿ ಎಷ್ಟು ಒದ್ದಾಡುತ್ತಿತ್ತು ಎನ್ನುವುದು ನನಗೆ ಗೊತ್ತಾಗುವ ಹೊತ್ತಿಗೆ ನಮ್ಮ ಸಾಲ ತೀರಿತ್ತು.

ಸಾಲ ಮಾಡಿದ್ದು ನಮ್ಮ ಯಜಮಾನರು. ಸೋಫಾ, ಕುರ್ಚಿಗಳಿಗೆ ಹೊದಿಕೆ ಹೊಡೆಯುವುದು ಅವರ ಕೆಲಸ. ಕೈಯಲ್ಲಿ ಕಲೆ ಇದೆ, ಬಾಯಿ ಮಾತ್ರ ಇಲ್ಲ. ಒಬ್ಬ ಸಿನಿಮಾ ಟಾಕೀಸಿನವನು ನಾನೂರು ಸೀಟಿಗೆ ಕೆಂಪು ರೆಕ್ಸಿನ್ ಹಾಕಿಕೊಡಿ ಎಂದ. ಮುಂಗಡ ಕೇಳಿ ಎಂದು ನಾನು ಬಾಯಿ ಬಡಿದುಕೊಂಡೆ. ಇವರು ಹೋಗಿ, ನಾಚಿಕೊಂಡು, ಅವನ ಚಹಾ ಕುಡಿದು ಬಂದರು. ಬೀದಿ ಕೊನೆಯ ಹಾರ್ಡ್‌ವೇರ್ ಅಂಗಡಿಯವರ ಹತ್ತಿರ ಒಂದು ಲಕ್ಷ ಇಪ್ಪತ್ತು ಸಾವಿರ ಸಾಲ ತಂದು, ಸುರುಳಿ ಸುರುಳಿ ರೆಕ್ಸಿನ್ ಮನೆಯಲ್ಲಿ ಪೇರಿಸಿದರು. ಹದಿನೈದೇ ದಿನಕ್ಕೆ ಟಾಕೀಸು ಬಾಗಿಲು ಹಾಕಿತು. "ಮನುಷ್ಯ ಮಾತ್ರ ಒಳ್ಳೆಯವನು ಕಣೇ, ಹೋಗುವಾಗ ನನಗೆ ಹೇಳಿಯೇ ಹೋದ" ಎಂದರು ಇವರು. ಅವತ್ತು ನನ್ನ ಪಿತ್ತ ನೆತ್ತಿಗೇರಿದ್ದು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಏನಿತ್ತೋ ಎಲ್ಲಕ್ಕೂ ಕೆಂಪು ರೆಕ್ಸಿನ್ ಬಂತು. ಸ್ಟೂಲು, ಮಂಚದ ತಲೆದಿಕ್ಕು, ಮಗಳ ಶಾಲೆಯ ಚೀಲ, ಅಕ್ಕಿ ಡಬ್ಬದ ಮುಚ್ಚಳ. ನೋಡಿದವರು ಒಳ್ಳೇ ಟಾಕೀಸಿನಲ್ಲಿ ಕೂತ ಹಾಗಿದೆ ಎಂದು ನಗುತ್ತಿದ್ದರು. ನಗಲಿ, ಬಡ್ಡಿ ಕಟ್ಟುತ್ತಿದ್ದವಳು ನಾನು.

ಸಾಲ ಕೊಟ್ಟವರನ್ನು ಬೀದಿಯಲ್ಲಿ ಎಲ್ಲರೂ ಮೊಳೆ ಸಾಹುಕಾರ್ರು ಎನ್ನುತ್ತಿದ್ದರು. ಮೊಳೆ, ಚಿಲಕ, ಬೀಗ ಮಾರುವುದು ತೋರಿಕೆಗೆ. ನಿಜವಾದ ವ್ಯಾಪಾರ ತಕ್ಕಡಿಯ ಹಿಂದಿನ ಕಬ್ಬಿಣದ ಪೆಟ್ಟಿಗೆಯದು. ತಿಂಗಳಿಗೆ ನೂರಕ್ಕೆ ಎರಡರಂತೆ ಬಡ್ಡಿ. ಒಂದನೇ ತಾರೀಕು ನಾನು ಕೆಲಸ ಮುಗಿಸಿ ನೇರ ಅಲ್ಲಿಗೆ ಹೋಗಿ ಕೊಟ್ಟು, ಮನೆಗೆ ಬರುತ್ತಿದ್ದೆ.

ನನ್ನ ಕೆಲಸ ಒಂದು ಹೋಟೆಲಿನ ಲಾಂಡ್ರಿಯಲ್ಲಿ. ದಿನಕ್ಕೆ ಇನ್ನೂರು ಬೆಡ್‌ಶೀಟು ಇಸ್ತ್ರಿಯಾಗಬೇಕು. ಎಂಟು ಗಂಟೆ ನಿಂತೇ ಇರಬೇಕು. ಹಬೆಗೆ ಮುಖ ಬೆಂದು, ಸಂಜೆ ಹೊತ್ತಿಗೆ ಪಾದ ಊದಿಕೊಂಡು ಚಪ್ಪಲಿಯೊಳಗೆ ಹೋಗುವುದೇ ಇಲ್ಲ ಎನ್ನುತ್ತಿತ್ತು. ಮನೆಗೆ ಬಂದ ಮೇಲೆ ದಿಂಬಿನ ಚೀಲ ಹೊಲಿಯುವ ಕೆಲಸ, ಡಜನ್ನಿಗೆ ಇಷ್ಟು ಎಂದು. ಸಾಲ ತೀರಿದ ದಿನ ಆ ಹೊಲಿಗೆ ಬಿಡುತ್ತೇನೆ, ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಸುಮ್ಮನೆ ಕೂರುತ್ತೇನೆ ಎಂದು ನನ್ನ ಆಸೆ. ಅರಮನೆಯನ್ನೇನೂ ಕೇಳಿರಲಿಲ್ಲ.

ಮಗಳಿಗೆ ಆಗ ಹತ್ತು ವರ್ಷ. ಅವರಪ್ಪ ಅವಳನ್ನು ಮ್ಯಾನೇಜರ್ ಎಂದು ಕರೆಯುತ್ತಿದ್ದರು. ಅವಳು ದೊಡ್ಡ ಹಾಳೆಯೊಂದರ ಮೇಲೆ ನೂರಿಪ್ಪತ್ತು ಚೌಕ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಒಂದು ಸಾವಿರ ಅಸಲು ತೀರಿದರೆ ಒಂದು ಚೌಕಕ್ಕೆ ಬಣ್ಣ. ಅವಳ ಪೆನ್ಸಿಲ್ ಡಬ್ಬಿಯಲ್ಲೂ ಕೆಂಪೇ ಜಾಸ್ತಿ ಉಳಿದಿತ್ತು. ಮೊದಲ ಎರಡು ವರ್ಷದಲ್ಲಿ ಹೊಟ್ಟೆಬಟ್ಟೆ ಕಟ್ಟಿ ನಲವತ್ತು ಚೌಕ ತುಂಬಿಸಿದೆವು. ಮನೆಯಲ್ಲಿ ಯಾರು ದುಡ್ಡು ಎಂದರೂ ನಾನು "ಯಾಕೆ?" ಎನ್ನುತ್ತಿದ್ದೆ. ಮಗಳು ರಬ್ಬರ್ ಕೇಳಿದರೂ ಯಾಕೆ, ಇವರು ಬ್ಲೇಡ್ ಕೇಳಿದರೂ ಯಾಕೆ. ಉತ್ತರ ಸರಿಯಿದ್ದರೆ ದುಡ್ಡು, ಇಲ್ಲದಿದ್ದರೆ ಮುಖ ಊದಿಸಿಕೊಂಡು ಹೋಗಬೇಕು. ಹಾಗೆ ತೀರಿದ ಸಾಲ ಅದು.

ಅತ್ತೆ ಮಾತ್ರ ಏನೂ ಕೇಳುತ್ತಿರಲಿಲ್ಲ. ಪ್ರತಿ ತಿಂಗಳು ಐದನೇ ತಾರೀಕು ಹತ್ತು ಗಂಟೆಗೆ ಹೊರಗೆ ಹೋಗುವ ಬಟ್ಟೆ ಉಟ್ಟು, ಕೊಡೆ ಹಿಡಿದು, "ಹೀಗೇ ಒಂದು ಸುತ್ತು ಹೋಗ್ಬರ್ತೀನಿ" ಎಂದು ಹೊರಡುತ್ತಿದ್ದರು. ಬರುವಾಗ ಕೈಯಲ್ಲಿ ಏನಾದರೂ ಇರುತ್ತಿತ್ತು. ಮೊಮ್ಮಗಳಿಗೆ ಬಿಸ್ಕತ್ತು, ನನಗೊಂದು ಬಾಚಣಿಗೆ, ಒಮ್ಮೆ ಬಚ್ಚಲಿನ ಬಲ್ಬು ಸುಟ್ಟಿದ್ದಾಗ ಹೊಸ ಬಲ್ಬು. ಇವರು ಅಮ್ಮನ ಕೈಗೆ ಗುಟ್ಟಾಗಿ ಕೊಡುತ್ತಾರೆ ಎಂದು ನಾನು ತಿಳಿದಿದ್ದೆ, ಅದಕ್ಕೆ ಒಳಗೊಳಗೇ ಉರಿಯುತ್ತಲೂ ಇದ್ದೆ. ಇವರೋ, ಸೊಸೆ ಅತ್ತೆಗೆ ಎಷ್ಟು ಚೆನ್ನಾಗಿ ಕೊಡುತ್ತಾಳೆ ಎಂದು ತಿಳಿದು ಮನಸ್ಸಿನಲ್ಲೇ ನನಗೆ ಶಹಬ್ಬಾಸ್ ಹೇಳುತ್ತಿದ್ದರಂತೆ. ಒಂದು ಸಲ ಒಬ್ಬರನ್ನೊಬ್ಬರು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ನಮ್ಮ ಮನೆಯಲ್ಲಿ ಜಗಳಕ್ಕೆ ಬೇಕಾದಷ್ಟು ಮಾತಿದೆ, ಕೆಲಸಕ್ಕೆ ಬರುವ ಮಾತಿಗೆ ಮಾತ್ರ ಬರ.

ನಲವತ್ತು ಚೌಕ ತುಂಬಿದ ಮೇಲೆ ಗೋಡೆಯ ಹಾಳೆ ಅಲ್ಲೇ ನಿಂತುಬಿಟ್ಟಿತು. ಕಾರಣ ಅತ್ತೆ. ಹತ್ತು ಸಾವಿರ ಕೂಡಿತು, ಸಾಹುಕಾರ್ರಿಗೆ ಕೊಟ್ಟುಬರೋಣ ಎಂದರೆ, "ಈ ಒಲೆ ಒಂದಿನ ಸಿಡಿಯುತ್ತೆ ಕಣೋ, ಮೊದಲು ಹೊಸ ಒಲೆ ತಾ" ಎಂದು ಮಗನಿಗೆ ಹೇಳಿದರು. ಒಲೆ ಬಂತು. ಹದಿನೈದು ಸಾವಿರ ಕೂಡಿತು. "ಮಾಡು ಸೋರ್ತಿದೆ, ಮಗು ನೆಗಡಿಯಲ್ಲಿ ಮಲಗ್ತಿದೆ" ಎಂದರು. ತಗಡು ಬಂತು. ಮತ್ತೆ ಹನ್ನೆರಡು ಕೂಡಿತು. "ಮಗುಗೆ ಓದೋಕೆ ಮೇಜು ಬೇಡ್ವಾ?" ಮೇಜೂ ಬಂತು, ಅದರ ಕುರ್ಚಿಗೆ ಕೆಂಪು ರೆಕ್ಸಿನ್ನೂ ಬಂತು. ಬೇರೆ ಮನೆಯ ಮುದುಕರು ದುಂದು ಮಾಡಬೇಡಿ ಎಂದು ತಲೆ ತಿನ್ನುತ್ತಾರೆ. ನಮ್ಮವರು ಖರ್ಚು ಮಾಡಿ ಎಂದು ತಲೆ ತಿನ್ನುತ್ತಿದ್ದರು. ಇವರಿಗೆ ಅಮ್ಮನ ಮಾತೆಂದರೆ ಮುಗಿಯಿತು, ಎದುರು ಉಸಿರಿಲ್ಲ. ನಾನು ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಡುವುದನ್ನು ಬಿಟ್ಟರೆ ಇನ್ನೇನು ಮಾಡಲಿ?

ನಾಲ್ಕನೇ ವರ್ಷ ದೇವರು ಕಣ್ಣು ಬಿಟ್ಟ. ಬಸ್ ಕಂಪನಿಯವರೊಬ್ಬರು ಹನ್ನೆರಡು ಬಸ್ಸಿನ ಸೀಟಿಗೆ ಹೊದಿಕೆ ಬೇಕೆಂದು ಬಂದರು. ಬಣ್ಣ ಯಾವುದಾದರೂ ಆದೀತು ಎಂದರು. ಈ ಸಲ ಮಾತಾಡುವುದಕ್ಕೆ ನಾನೇ ಹೋಗಿ ಮುಂಗಡ ಕಕ್ಕಿಸಿದೆ. ಮನೆಯಲ್ಲಿದ್ದ ರೆಕ್ಸಿನ್ ಅಷ್ಟೂ ಖಾಲಿಯಾಯಿತು. ಲೆಕ್ಕ ಚುಕ್ತಾ ಆದ ದಿನ ಕೈಗೆ ತೊಂಬತ್ತೈದು ಸಾವಿರ ಬಂತು. ಆ ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ತಟ್ಟೆ ನೋಡುತ್ತಲೇ ಮೆಲ್ಲಗೆ, "ಬಚ್ಚಲುಮನೆ ಪೂರ್ತಿ ಒಡೆದು ಹೊಸದಾಗಿ ಕಟ್ಟಿಸಿದ್ರೆ ಹೇಗೆ?" ಎಂದರು.

ಮರುದಿನ ನಾನು ನೋಟಿನ ಕಟ್ಟನ್ನು ಚೀಲಕ್ಕೆ ತುರುಕಿಕೊಂಡು ಕೆಲಸಕ್ಕೆ ಹೋದೆ, ಊಟದ ಬಿಡುವಿನಲ್ಲಿ ಲಾಂಡ್ರಿಯ ಏಪ್ರನ್ನಿನಲ್ಲೇ ಮೊಳೆ ಸಾಹುಕಾರ್ರ ಅಂಗಡಿಗೆ ಓಡಿದೆ. ಎಂಬತ್ತು ಸಾವಿರ ಎಣಿಸಿ ತಕ್ಕಡಿಯ ಪಕ್ಕ ಇಟ್ಟೆ.

ಸಾಹುಕಾರ್ರ ಮುಖ ನೋಡಬೇಕಿತ್ತು. ಸಾಲ ವಾಪಸ್ ಬಂದರೆ ಸಾವಿನ ಸುದ್ದಿ ಬಂದ ಹಾಗೆ ಮುಖ ಮಾಡುವವರನ್ನು ನಾನು ಅವತ್ತೇ ನೋಡಿದ್ದು.

"ಏನಮ್ಮಾ ಅಷ್ಟೊಂದು ಅವಸರ? ನಾನೇನು ಕೇಳಿದ್ನಾ?"

"ನೀವು ಕೇಳಲ್ಲ ಸಾಹುಕಾರ್ರೇ, ನನ್ನ ಕಾಲು ಕೇಳ್ತಿದೆ. ಬರೆದು ಕೊಡಿ, ಮುಗೀತು ಅಂತ."

ಅವರು ನಿಟ್ಟುಸಿರು ಬಿಟ್ಟು ಪುಸ್ತಕ ತೆಗೆದರು. "ಹಾಗಾದ್ರೆ ನಿಮ್ಮತ್ತೆಗೂ ಹೇಳ್ಬಿಡಿ, ಅವರದನ್ನ ತಗೊಂಡು ಹೋಗ್ಲಿ. ಈಗ ಯಾರಿಗೆ ಕೊಡ್ಲಿ ನಾನು ಅದನ್ನ? ಸುಮ್ನೆ ಪೆಟ್ಟಿಗೇಲಿಟ್ಟು ತಿಂಗಳಿಗೆ ಎಂಟುನೂರು ಕೊಡೋಕೆ ನನಗೇನು ಹುಚ್ಚಾ?"

"ಯಾರದನ್ನ?"

"ನಿಮ್ಮತ್ತೇದು. ಎಂಬತ್ತು ಸಾವಿರ." ಅವರು ನನ್ನನ್ನೇ ದಿಟ್ಟಿಸಿದರು. "ಅಯ್ಯೋ, ನಿಮಗೆ ಗೊತ್ತಿಲ್ವಾ? ನಿಮ್ಮ ಮಾವ ತೀರಿಕೊಂಡಾಗ ಅವರ ಕೆಲಸದ ಕಡೆಯಿಂದ ಬಂದಿತ್ತಲ್ಲ, ಅದು. ನೂರಕ್ಕೆ ಒಂದರಂತೆ ಕೊಡ್ತೀನಿ. ಅದಕ್ಕೆ ನನ್ನದೊಂದು ನಲವತ್ತು ಸೇರಿಸಿ ನಿಮ್ಮ ಯಜಮಾನ್ರಿಗೆ ಕೊಟ್ಟಿದ್ದು. ನನ್ನ ನಲವತ್ತು ನಾನು ಮೊದ್ಲೇ ತಗೊಂಡೆ. ಉಳಿದಿದ್ದು ನಿಮ್ಮನೇದೇ ದುಡ್ಡು."

ನಾನು ಅಲ್ಲಿದ್ದ ಮೊಳೆ ಡಬ್ಬದ ಮೇಲೆ ಕೂತುಬಿಟ್ಟೆ. ಮಾವನ ದುಡ್ಡು ಆಸ್ಪತ್ರೆಗೇ ಆಯಿತು ಎಂದು ಅತ್ತೆ ಹೇಳಿದ್ದರು, ನಾವು ನಂಬಿದ್ದೆವು. ಅಂದರೆ ಏನಾಯಿತು? ಒಂದನೇ ತಾರೀಕು ನಾನು ಬಂದು ಆ ಎಂಬತ್ತು ಸಾವಿರಕ್ಕೆ ಸಾವಿರದಾರುನೂರು ಬಡ್ಡಿ ಕೊಡುವುದು, ಐದನೇ ತಾರೀಕು ಅತ್ತೆ ಕೊಡೆ ಹಿಡಿದು ಬಂದು ಅದರಲ್ಲೇ ಎಂಟುನೂರು ತೆಗೆದುಕೊಂಡು ಹೋಗುವುದು. ಉಳಿದ ಎಂಟುನೂರು ನಮ್ಮ ಮನೆಯ ದುಡ್ಡನ್ನು ನಮ್ಮ ಮನೆಗೇ ದಾಟಿಸಿದ್ದಕ್ಕೆ ಈ ಮಹಾನುಭಾವರಿಗೆ ಕೂಲಿ. ನಾಲ್ಕು ವರ್ಷ! ಒಂದೇ ಸೂರಿನ ಕೆಳಗೆ, ಒಂದೇ ತಟ್ಟೆಯ ಸ್ಟ್ಯಾಂಡಿನಲ್ಲಿ ತಟ್ಟೆ ಇಟ್ಟುಕೊಂಡು! ಎರಡು ವರ್ಷದಿಂದ ಒಲೆ, ಮಾಡು, ಮೇಜು ಎಂದು ಅತ್ತೆ ಯಾಕೆ ಅಡ್ಡಗಾಲು ಹಾಕುತ್ತಿದ್ದರು ಎನ್ನುವುದೂ ಆಗ ಹೊಳೆಯಿತು. ಮುಂದಿನ ಚೌಕಗಳೆಲ್ಲ ಅವರವು, ಒಂದೊಂದು ತುಂಬಿದರೂ ಅವರ ಎಂಟುನೂರು ಕರಗುತ್ತಿತ್ತು.

ಉಳಿದ ಅರ್ಧ ದಿನದ ಬೆಡ್‌ಶೀಟುಗಳನ್ನು ನಾನು ಹೇಗೆ ಇಸ್ತ್ರಿ ಮಾಡಿದೆ ಎಂದು ಕೇಳಬೇಡಿ. ಎರಡು ಸುಟ್ಟವು.

ಮನೆಗೆ ಬಂದಾಗ ಅತ್ತೆ ಹೊಸಿಲ ಹತ್ತಿರ ಕೂತು ಬಟಾಣಿ ಸುಲಿಯುತ್ತಿದ್ದರು. ಚಪ್ಪಲಿ ಕೂಡ ಬಿಡದೆ ಶುರು ಮಾಡಿದೆ.

"ಅತ್ತೇ, ನಿಮಗೇನು ಕಡಿಮೆ ಮಾಡಿದ್ವಿ ನಾವು? ನನ್ನ ಕಾಲು ನೋಡಿ. ನೋಡಿದ್ರಾ? ಈ ಕಾಲಲ್ಲಿ ನಿಂತು ದುಡಿದ ದುಡ್ಡನ್ನ ಆ ಮೊಳೆಯವನಿಗೆ ಸುರಿದಿದೀನಿ. ನಿಮ್ಮ ಹತ್ರ ಇತ್ತು, ನಿಮ್ಮ ಮಗನಿಗೇ ಕೊಟ್ಟಿದ್ರೆ ಆಗ್ತಿರ್ಲಿಲ್ವಾ?"

ಅತ್ತೆಯ ಕೈ ನಿಂತಿತು. ಸುಳ್ಳು ಹೇಳುತ್ತಾರೇನೋ ಎಂದು ಕಾದೆ. ಹೇಳಲಿಲ್ಲ.

"ಆಗ್ತಿತ್ತು. ಅವನಿಗೆ ಕೊಟ್ರೆ ಅವನು ಬಡ್ಡಿ ಕೊಡ್ತಿದ್ನಾ ನನಗೆ?"

"ಹೆತ್ತ ಮಗನ ಹತ್ರ ಬಡ್ಡಿ ತಗೋಬೇಕಾ ನೀವು?"

"ಬೇಡ ಕಣೇ. ಅದಕ್ಕೇ ಅವನಿಗೆ ಕೊಡ್ಲಿಲ್ಲ." ಒಂದು ಕಾಳು ಉರುಳಿ ಹೋಗಿತ್ತು, ಅದನ್ನು ಎತ್ತಿ ಬಟ್ಟಲಿಗೆ ಹಾಕಿದರು. "ಆ ಎಂಟುನೂರು ಬಂದ ದಿನ ಬಸ್ ಸ್ಟ್ಯಾಂಡ್ ಹತ್ರ ಹೋಗ್ತಿದ್ದೆ. ಹಳೇ ಬೀದಿಯವರು ಇಬ್ರು ಬರೋರು. ಮೂರು ಚಹಾ, ಮೂರು ಬನ್ನು, ನಾನೇ ಕೊಡಿಸೋದು. ಆಮೇಲೆ ಮನೆಗೆ ಏನಾದ್ರೂ ಹಿಡ್ಕೊಂಡು ಬರೋದು. ಅಷ್ಟೇ. ಬೇರೇನೂ ಮಾಡಿಲ್ಲ ನಾನು."

"ಚಹಾ ಬೇಕಿದ್ರೆ ನನ್ನ ಕೇಳಿದ್ರೆ ಕೊಡ್ತಿರ್ಲಿಲ್ವಾ ಅತ್ತೆ?"

"ನೀನು ಕೊಡ್ತಿದ್ದೆ" ಎಂದರು ಅವರು. "ನೀನು ಕೆಟ್ಟವಳಲ್ಲ." ಅಲ್ಲಿಗೆ ಮಾತು ನಿಲ್ಲಿಸಿ ಮತ್ತೆ ಬಟಾಣಿಗೆ ಕೈ ಹಾಕಿದರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ಅಷ್ಟು ಬೆಪ್ಪಿ ನಾನು.

ಯಜಮಾನರು ಬಂದು ವಿಷಯ ಕೇಳಿ ಮೊದಲು ಬಾಯಿ ಬಿಟ್ಟುಕೊಂಡು ನಿಂತರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಮ್ಮಾ, ನೀನು ನನಗಿಂತ ದೊಡ್ಡ ವ್ಯಾಪಾರಿ!" ಎಂದರು. ಇವರಿಗಿಂತ ದೊಡ್ಡ ವ್ಯಾಪಾರಿಯಾಗುವುದು ಕಷ್ಟವೇನಲ್ಲ. ಮಗಳು ಎಂಬತ್ತು ಚೌಕಕ್ಕೆ ಬಣ್ಣ ಹಚ್ಚಿ ಹಚ್ಚಿ ಕೈ ನೋವು ಎಂದಳು.

ಮರುದಿನ ಸಾಹುಕಾರ್ರೇ ಮೊಳೆಯ ಚೀಲದಲ್ಲಿ ದುಡ್ಡು ತಂದು ಅತ್ತೆಯ ಕೈಗೆ ಕೊಟ್ಟರು. ಅವರು ಹೋದ ಮೇಲೆ ನಾನು ಎಲ್ಲರನ್ನೂ ಕೂರಿಸಿ ಭಾಷಣ ಮಾಡಿದೆ. ಏನು ಮಾತಾಡಿದೆ ಅಂತೀರಿ! ಒಂದು ಮನೆ ಎಂದರೆ ಒಂದೇ ಗಂಟು. ನಂದು ನಿಂದು ಎಂದಿದ್ದಕ್ಕೇ ಮೊಳೆಯವನು ನಮಗೆ ಟೋಪಿ ಹಾಕಿದ. ಇನ್ನು ಮೇಲೆ ಮುಚ್ಚುಮರೆ ಇಲ್ಲ, ಎಲ್ಲ ದುಡ್ಡೂ ಬ್ಯಾಂಕಿನಲ್ಲಿ ಒಟ್ಟಿಗೆ, ಬೇಕಾದವರು ಬೇಕಾದಾಗ ಬಾಯಿಬಿಟ್ಟು ಕೇಳಿ ತೆಗೆದುಕೊಳ್ಳಬೇಕು. ನನ್ನ ಮಾತಿಗೆ ನನಗೇ ಕಣ್ಣು ತುಂಬಿತು. ಅತ್ತೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪೂರ್ತಿ ಕೇಳಿದರು. ಆಮೇಲೆ ಎದ್ದು ನನ್ನ ಕೈಗೆ ಕೊಟ್ಟರು. "ತಗೋಮ್ಮ. ಮಗು ಓದಿಗಾಗುತ್ತೆ."

ಬ್ಯಾಂಕಿನಲ್ಲಿ ವಯಸ್ಸಾದವರಿಗೆ ಬಡ್ಡಿ ಸ್ವಲ್ಪ ಜಾಸ್ತಿ ಎಂದರು, ಅದಕ್ಕೆ ಠೇವಣಿಯಲ್ಲಿ ಅತ್ತೆಯ ಹೆಸರೇ ಮೊದಲು ಹಾಕಿಸಿದೆ. ಅವರು ಒಳ್ಳೆಯ ಬಟ್ಟೆ ಉಟ್ಟು ಬಂದು, ಹುಡುಗಿಯೊಬ್ಬಳು ತೋರಿಸಿದಲ್ಲೆಲ್ಲ ನಿಧಾನವಾಗಿ ಸಹಿ ಹಾಕಿದರು.

"ಬಡ್ಡಿ ತಿಂಗಳು ತಿಂಗಳು ಬೇಕಾ, ಇಲ್ಲಾ ಐದು ವರ್ಷಕ್ಕೆ ಸೇರಿಸಿ ಕೊಡೋದಾ?" ಆ ಹುಡುಗಿ ಕೇಳಿದಳು. ಕೇಳಿದ್ದು ಅತ್ತೆಯನ್ನು.

"ಸೇರಿಸಿ" ಎಂದೆ ನಾನು. "ತಿಂಗಳು ತಿಂಗಳು ಬಂದ್ರೆ ಖರ್ಚಾಗಿ ಹೋಗುತ್ತೆ."

ಪಾಸ್‌ಬುಕ್ಕು ಕಳೆದುಹೋಗದಿರಲಿ ಎಂದು ನನ್ನ ಟ್ರಂಕಿನಲ್ಲಿಟ್ಟೆ. ಮಗಳು ಹಳೆಯ ಹಾಳೆ ಕಿತ್ತು ಹೊಸದು ಅಂಟಿಸಿದಳು. ಈ ಸಲ ಉಳಿತಾಯದ ಹಾಳೆ, ನೀಲಿ ಬಣ್ಣ. ಮೊದಲ ದಿನವೇ ಎಂಬತ್ತು ಚೌಕ ನೀಲಿ. ಯಾರ ಮನೆಯಲ್ಲಿದೆ ಹೇಳಿ ಇಂಥ ಪ್ರಗತಿ! ನಾನು ದಿಂಬಿನ ಚೀಲ ಹೊಲಿಯುವುದನ್ನು ಬಿಟ್ಟೆ. ಸಂಜೆ ಬಿಸಿನೀರಿನಲ್ಲಿ ಕಾಲಿಟ್ಟು ಕೂತು ಆ ಹಾಳೆ ನೋಡುತ್ತಿದ್ದೆ. ನಿಜ ಹೇಳುತ್ತೇನೆ, ಅಷ್ಟು ಸುಖ ನಾನು ಯಾವತ್ತೂ ಪಟ್ಟಿರಲಿಲ್ಲ.

ಮುಂದಿನ ಐದನೇ ತಾರೀಕು ನನಗೆ ವಾರದ ರಜೆ. ಹತ್ತು ಗಂಟೆಗೆ ಅತ್ತೆ ಹೊರಗೆ ಹೋಗುವ ಬಟ್ಟೆ ಉಟ್ಟು, ತಲೆ ಬಾಚಿ, ಕೊಡೆ ಹಿಡಿದು ಬಾಗಿಲವರೆಗೆ ಬಂದರು. ಅಲ್ಲೇ ಸ್ಟೂಲಿನ ಮೇಲೆ ಕೂತರು. ಹನ್ನೊಂದಾದರೂ ಕೂತೇ ಇದ್ದರು. "ಎಲ್ಲಿಗಾದ್ರೂ ಹೋಗ್ತಿದೀರಾ ಅತ್ತೆ?" ಎಂದೆ. "ಇಲ್ಲ, ಹೀಗೇ" ಎಂದು ಒಳಗೆ ಹೋಗಿ ಬಟ್ಟೆ ಬದಲಾಯಿಸಿದರು. ಅದೇ ವಾರ ಮಗಳು ಅಜ್ಜಿ ಈಗ ಬಿಸ್ಕತ್ತೇ ತರುವುದಿಲ್ಲ ಎಂದು ದೂರು ಹೇಳಿದಳು. ಹಲ್ಲಿಗೆ ಒಳ್ಳೆಯದೇ ಆಯಿತು ಬಿಡು ಎಂದೆ.

ಅದರ ಮುಂದಿನ ತಿಂಗಳು, ಐದನೆಯದೋ ಆರನೆಯದೋ, ನಾನು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಡಬ್ಬಿ ಕಟ್ಟುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಬಂದು ನಿಂತರು. ಒಳಗೆ ಬರಲಿಲ್ಲ. ಬಾಗಿಲ ಚೌಕಟ್ಟನ್ನು ಒಂದು ಬೆರಳಿನಿಂದ ಉಜ್ಜುತ್ತ, "ನನಗೊಂದು ಐವತ್ತು ಬೇಕಿತ್ತು ಕಣಮ್ಮ" ಎಂದರು.

"ಯಾಕತ್ತೆ?" ಎಂದೆ.

ಕೊಡಬಾರದು ಎಂದಲ್ಲ, ದೇವರಾಣೆ. ಡಬ್ಬಿಯ ಮುಚ್ಚಳ ಒತ್ತುತ್ತಿದ್ದೆ, ತಿರುಗಿ ಕೂಡ ನೋಡಿರಲಿಲ್ಲ, ಬಾಯಿ ತಾನಾಗೇ ಆಡಿತು. ಮುಚ್ಚಳ ಕೂತ ಮೇಲೆ ತಿರುಗಿದೆ. ಅತ್ತೆ ನನ್ನ ಮುಖ ನೋಡುತ್ತಿರಲಿಲ್ಲ. ಶಾಲೆಯಲ್ಲಿ ಎಬ್ಬಿಸಿ ನಿಲ್ಲಿಸಿದ ಮಗು ಉತ್ತರ ಹುಡುಕುವ ಹಾಗೆ ನೆಲ ನೋಡುತ್ತಿದ್ದರು.

"ಗೆಳತಿಗೆ ಹುಷಾರಿಲ್ವಂತೆ. ನೋಡ್ಕೊಂಡು ಬರೋಣ ಅಂತ... ಬೇಡ ಬಿಡು, ಆಮೇಲೆ ನೋಡೋಣ."

ನಾಲಿಗೆ ಕಚ್ಚಿಕೊಂಡೆ. "ಅಯ್ಯೋ ಅತ್ತೆ, ನಿಮ್ಮದೇ ದುಡ್ಡು, ಕೇಳೋದೇನಿದೆ?" ಎಂದು ಓಡಿಹೋಗಿ ಪರ್ಸಿನಿಂದ ನೂರರ ನೋಟು ತೆಗೆದು ಅವರ ಕೈಗೆ ತುರುಕಿದೆ. ಐವತ್ತು ಸಾಕು ಎಂದರು. ಇಟ್ಟುಕೊಳ್ಳಿ ಎಂದೆ. ಬಸ್ಸಿನುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ, ಐವತ್ತು ಕೇಳಿದ್ದಕ್ಕೆ ನೂರು ಕೊಟ್ಟೆನಲ್ಲ ಎಂದು.

ಸಂಜೆ ನಾನು ಕಾಲಿಗೆ ನೀರು ಕಾಯಿಸುತ್ತಿದ್ದಾಗ ಅತ್ತೆ ಮತ್ತೆ ಬಂದರು. ಈ ಸಲ ಒಳಗೆ ಬಂದು ಒಲೆಕಟ್ಟೆಯ ಮೇಲೆ ಮೊದಲು ಎರಡು ಬಸ್ ಟಿಕೆಟ್ಟು ಇಟ್ಟರು, ಪಕ್ಕದಲ್ಲಿ ಚಹಾದಂಗಡಿಯ ಚೀಟಿ, ಅದರ ಪಕ್ಕ ಚಿಲ್ಲರೆ.

"ಹೋಗ್ತಾ ಹತ್ತು, ಬರ್ತಾ ಹತ್ತು. ಚಹಾ ಹದಿನೈದು. ಬನ್ನು ಅವಳೇ ಕೊಡಿಸಿದಳು, ಹಾಸಿಗೆಯಿಂದ ಎದ್ದು ಅಂಗಡಿವರೆಗೆ ಬಂದು. ಬೇಡ ಅಂದ್ರೂ ಕೇಳಲಿಲ್ಲ, ಇಷ್ಟು ವರ್ಷ ನೀನೇ ಕೊಡಿಸಿದೀಯ ಅಂದಳು. ಅದು ಲೆಕ್ಕಕ್ಕೆ ಬರಲ್ಲ." ಚಿಲ್ಲರೆಯನ್ನು ನನ್ನ ಕಡೆ ಸರಿಸಿದರು. "ಅರವತ್ತೈದು ಉಳಿದಿದೆ. ಎಣಿಸಿಕೋ."

ಅವರು ತಮ್ಮ ಕೋಣೆಗೆ ಹೋದರು. ನೀರು ಕುದಿಯುತ್ತಿತ್ತು. ಹಿಂದೆಯೇ ಹೋಗಿ ಕೈ ಹಿಡಿದುಕೊಳ್ಳಬೇಕಿತ್ತು, ಪಾಸ್‌ಬುಕ್ಕು ತೆಗೆದು ಮಡಿಲಿಗೆ ಹಾಕಬೇಕಿತ್ತು, ಕೊನೆಗೆ ಆ ಚಿಲ್ಲರೆಯನ್ನು ಮುಟ್ಟದೆಯಾದರೂ ಇರಬೇಕಿತ್ತು.

ನಾನು ಎಣಿಸಿದೆ. ಸರಿಯಾಗಿತ್ತು.